ಪ್ರಶ್ನೋತ್ತರ: ಮಸ್ತಿಕಿಯ ದ್ವೀಪದಿಂದ ಅಪ್ಪೆಮಿಡಿಯ ಹಳ್ಳದವರೆಗೆ

ಗ್ರೀಸ್ ದೇಶದ ಸಣ್ಣ ಹಿಡುವಳಿದಾರರು ತಮ್ಮ ಪರಂಪರೆಯ ಬೆಳೆಗಳನ್ನು ಸುಧಾರಿಸಿಕೊಂಡು ಹೊರದೇಶಗಳಿಗೆ ಕಳುಹಿಸುವ ಬಗೆಯನ್ನು ಕುರಿತು ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಗಳಿಂದ ಬಂದ ಪತ್ರಗಳು ಎಷ್ಟು ಕಳಕಳಿಯಿಂದ ಕೂಡಿದ್ದವೆಂದರೆ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಡುವುದು ನ್ಯಾಯವೆನಿಸಿತು. ಹೆಸರು ಅಚ್ಚು ಮಾಡಬಾರದೆಂದು ಹಲವರು ಕೋರಿರುವುದರಿಂದ ಎಲ್ಲ ಪತ್ರಗಳಿಗೂ ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಗ್ರೀಸಿನ ಕಿಯೊಸ್ ದ್ವೀಪದಲ್ಲಿ ಬೆರಳೆಣಿಕೆಯ ಮರಗಳಿರುವ ಕುಟುಂಬದ ರಾಳವೂ ಹತ್ತಾರು ದೇಶಗಳಿಗೆ ಹೋಗುತ್ತದೆ ಎಂದು ಬರೆದಿದ್ದಿರಿ. ನಮ್ಮ ಹಳ್ಳದ ದಂಡೆಯಲ್ಲಿ, ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿ ಕೊಡುವ ಮೂರು ಅಪ್ಪೆಮಿಡಿ ಮರಗಳಿವೆ. ಅವುಗಳ ಮಿಡಿ ಪೇಟೆಯ ವ್ಯಾಪಾರಿಯ ಚೀಲ ಸೇರುವುದನ್ನು ಬಿಟ್ಟರೆ ಮುಂದಿನ ದಾರಿಯನ್ನು ನಾವು ಕಂಡಿಲ್ಲ. ಅವರಿಗೆ ಸಾಧ್ಯವಾದದ್ದು ಹೇಗೆ?
(ಸಾಗರ ತಾಲ್ಲೂಕು)

ಉತ್ತರ: ಕಿಯೊಸಿನ ಆ ರಾಳದ ಹೆಸರು ಮಸ್ತಿಕಿ. ನಮ್ಮಲ್ಲಿಯ ಯುನಾನಿ ಔಷಧದ ಅಂಗಡಿಗಳಲ್ಲಿ ರೂಮಿ ಮಸ್ತಗಿ ಎಂದು ಮಾರುವುದು ಇದನ್ನೇ. ದ್ವೀಪದ ದಕ್ಷಿಣ ಭಾಗದ 24 ಹಳ್ಳಿಗಳಲ್ಲಿ ಬೆಳೆಯುವ, ಪೊದೆಗಿಂತ ತುಸು ದೊಡ್ಡದಾದ ಒಂದು ಮರದಿಂದ ಇದನ್ನು ತೆಗೆಯುತ್ತಾರೆ. ಹಾಲುಮಡ್ಡಿ, ಧೂಪದ ಮರಗಳಿಗೆ ಕಚ್ಚು ಹಾಕಿ ಅಂಟು ಇಳಿಸುವುದನ್ನು ಕಂಡವರಿಗೆ ಇದರ ಕ್ರಮ ಅರ್ಥವಾಗುತ್ತದೆ. ಬೇಸಿಗೆ ಕಾಲಿಡುತ್ತಿದ್ದಂತೆ ಮರದ ಬುಡದ ನೆಲವನ್ನು ಕೆತ್ತಿ, ಗುಡಿಸಿ, ಮಟ್ಟ ಮಾಡಿ, ಅದರ ಮೇಲೆ ಸುಣ್ಣದ ಅಂಶವಿರುವ ಬಿಳಿ ಮಣ್ಣನ್ನು ಹರಡುತ್ತಾರೆ. ಜುಲೈ ತಿಂಗಳಿನಿಂದ ತೊಗಟೆಗೆ ಸಣ್ಣ ಸಣ್ಣ ಗಾಯಗಳನ್ನು ಮಾಡುತ್ತಾರೆ. ಅಲ್ಲಿಂದ ಒಸರಿ ಕೆಳಗೆ ಬಿದ್ದ ಹನಿಗಳು ಎರಡು ಮೂರು ವಾರಗಳಲ್ಲಿ ಗಟ್ಟಿಯಾಗುತ್ತವೆ. ಅಲ್ಲಿಯವರು ಅವನ್ನು ಮರದ ಕಣ್ಣೀರು ಎಂದು ಕರೆಯುತ್ತಾರೆ. ಅವನ್ನು ಹೆಕ್ಕಿ, ಜರಡಿ ಹಿಡಿದು, ತೊಳೆದು, ಚಳಿಗಾಲದ ದಿನಗಳಲ್ಲಿ ಮನೆಯ ಹೆಂಗಸರು ಒಟ್ಟಾಗಿ ಕುಳಿತು ಚಾಕುವಿನ ತುದಿಯಿಂದ ಒಂದೊಂದೇ ಹರಳಿಗೆ ಅಂಟಿದ ಕಸವನ್ನು ಬಿಡಿಸುತ್ತಾರೆ. ಮಳೆಗಾಲದ ಆರಂಭದಲ್ಲಿ ಚಾವಡಿಯ ಮೇಲೆ ಕುಳಿತು ಅಡಿಕೆ ಆರಿಸುವ ನಮ್ಮ ಹೆಂಗಸರ ಚಿತ್ರ ನಿಮ್ಮ ಕಣ್ಣ ಮುಂದೆ ಬಂದಿರಬಹುದು.

ಇಷ್ಟು ಕಷ್ಟದಿಂದ ಮರವೊಂದಕ್ಕೆ ಸಿಗುವುದು ಕೆಲವು ನೂರು ಗ್ರಾಂ ಮಾತ್ರ. ಆದುದರಿಂದ ಒಂದೊಂದು ಮನೆಯೂ ತನ್ನಷ್ಟಕ್ಕೆ ಮಾರಲು ಹೊರಟರೆ ವರ್ತಕ ಹೇಳಿದ್ದೇ ಬೆಲೆಯಾಗುತ್ತದೆ. 1938ರಲ್ಲಿ ಮಸ್ತಿಕಿ ಬೆಳೆಗಾರರ ಒಕ್ಕೂಟ ಹುಟ್ಟಿದ್ದು ಈ ಕಾರಣಕ್ಕೆ. ಬೆಳೆಗಾರರು ತಮ್ಮ ಹಳ್ಳಿಯ ಪ್ರಾಥಮಿಕ ಸಂಘಕ್ಕೆ ರಾಳವನ್ನು ಒಪ್ಪಿಸುತ್ತಾರೆ. ಅಂಥ 20 ಸಂಘಗಳು ಸೇರಿ ಒಕ್ಕೂಟವಾಗಿದೆ. ಅಲ್ಲಿ ದರ್ಜೆ ವಿಂಗಡಣೆಯಾಗಿ, ಒಂದೇ ಹೆಸರಿನಲ್ಲಿ ಮಾಲು ಹೊರಡುತ್ತದೆ. ನಾನು ಮುಖ್ಯವೆಂದು ಭಾವಿಸುವ ಅಂಶ ಇಲ್ಲಿದೆ: ಈ ಸದಸ್ಯತ್ವ ಐಚ್ಛಿಕವಲ್ಲ. ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಖಾಸಗಿಯಾಗಿ ಮಾರುವ ಸ್ವಾತಂತ್ರ್ಯವನ್ನು ಕಿಯೊಸಿನ ಬೆಳೆಗಾರ ಬಿಟ್ಟುಕೊಟ್ಟಿದ್ದಾನೆ. ಆತನಿಗೆ ದೊರೆತ ಎಲ್ಲ ಅನುಕೂಲಗಳೂ ಆ ಬಿಟ್ಟುಕೊಟ್ಟದ್ದರ ಮೇಲೆ ನಿಂತಿವೆ. 1997ರಲ್ಲಿ ಐರೋಪ್ಯ ಒಕ್ಕೂಟದ ಮೂಲಸ್ಥಾನ ಮಾನ್ಯತೆ, ಅಂದರೆ ಆ ಪ್ರದೇಶದ ಸರಕಿಗೆ ಮಾತ್ರ ಆ ಹೆಸರು ಸಲ್ಲುವ ರಕ್ಷಣೆ, ಬಂತು. 2014ರಲ್ಲಿ ಯುನೆಸ್ಕೊ ಈ ಬೇಸಾಯದ ಅರಿವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2015ರಲ್ಲಿ ಐರೋಪ್ಯ ಔಷಧ ಸಂಸ್ಥೆ ಇದನ್ನು ಸಣ್ಣಪುಟ್ಟ ಅಜೀರ್ಣಕ್ಕೂ ಚರ್ಮದ ಉರಿಯೂತಕ್ಕೂ ಬಳಸಬಹುದಾದ ಸಾಂಪ್ರದಾಯಿಕ ಗಿಡಮೂಲಿಕೆಯೆಂದು ಅಂಗೀಕರಿಸಿತು. ಇವೆಲ್ಲವೂ ಬೆಳೆಗಾರರ ಒಕ್ಕೂಟ ಹುಟ್ಟಿ ಅರ್ಧ ಶತಮಾನ ಕಳೆದ ಮೇಲೆ ಬಂದವು. 2012ರ ಆಗಸ್ಟಿನಲ್ಲಿ ಕಾಳ್ಗಿಚ್ಚು ಹಬ್ಬಿ ಅಪಾರ ಸಂಖ್ಯೆಯ ಮಸ್ತಿಕಿ ಮರಗಳು ಸುಟ್ಟುಹೋದವು. ಹೊಸ ಸಸಿ ಫಲ ಕೊಡಲು ಐದಾರು ವರ್ಷ ಬೇಕಾಗುವ ಬೆಳೆಗೆ ಅದೆಂಥ ಪೆಟ್ಟು ಎಂಬುದನ್ನು ಕೊಳೆ ರೋಗದಲ್ಲಿ ತೋಟ ಕಳೆದುಕೊಂಡವರಿಗೆ ವಿವರಿಸಬೇಕಾಗಿಲ್ಲ. ಅದಾದ ಮೇಲೂ ಅಲ್ಲಿ ಬೇಸಾಯ ನಿಲ್ಲಲಿಲ್ಲ.

ನಿಮ್ಮ ಮೂರು ಮರಗಳ ವಿಚಾರಕ್ಕೆ ಬರುತ್ತೇನೆ. ಇಲ್ಲಿ ಯಾವ ಕಾನೂನೂ ನಿಮ್ಮನ್ನು ಸಂಘಕ್ಕೇ ಕೊಡಬೇಕೆಂದು ಕಟ್ಟಿಹಾಕುವುದಿಲ್ಲ, ಕಟ್ಟಿಹಾಕುವುದೂ ಬೇಡ. ಆದರೆ ಒಂದೇ ಹೊಳೆಸಾಲಿನ ಮೂವತ್ತು ನಲವತ್ತು ಮನೆಯವರು ಇಂಥ ಜಾತಿಯ, ಇಷ್ಟು ಬೆಳೆದ, ತೊಟ್ಟು ಮುರಿಯದ, ನೆಲಕ್ಕೆ ಬೀಳದ ಮಿಡಿಯನ್ನು ಮಾತ್ರ ಒಂದು ಕಡೆ ಸೇರಿಸುತ್ತೇವೆ ಎಂದು ತಾವಾಗಿಯೇ ಮಾತು ಕೊಟ್ಟು, ಎರಡು ಸುಗ್ಗಿ ಆ ಮಾತಿನಂತೆ ನಡೆದರೆ, ವ್ಯಾಪಾರಿ ನಿಮ್ಮೊಡನೆ ಮಾತಾಡುವ ರೀತಿಯೇ ಬದಲಾಗುತ್ತದೆ.

ಪ್ರಶ್ನೆ: ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಸಿಕ್ಕಿ ವರ್ಷಗಳಾದವು. ಶಿರಸಿ ಅಡಿಕೆಗೂ ಸಿಕ್ಕಿದೆ. ಬೆಳೆದವನ ಕೈಗೆ ಒಂದು ರೂಪಾಯಿಯೂ ಹೆಚ್ಚಿಗೆ ಬಂದಿಲ್ಲ. ಗ್ರೀಕರಿಗೆ ಮಾತ್ರ ಹೆಸರಿನಿಂದ ಹಣ ಹೇಗೆ ಬಂತು?
(ತೀರ್ಥಹಳ್ಳಿ)

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ನಮ್ಮ ಭೌಗೋಳಿಕ ಗುರುತುಗಳ ಕಾಯ್ದೆ 1999ರದು, ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಚೆನ್ನೈನ ನೋಂದಣಿ ಕಚೇರಿಯಲ್ಲಿ ಒಂದು ಹೆಸರು ದಾಖಲಾದರೆ ಹತ್ತು ವರ್ಷ ರಕ್ಷಣೆ ಸಿಗುತ್ತದೆ, ಮತ್ತೆ ನವೀಕರಿಸಬಹುದು. ಆದರೆ ಹೆಸರು ದಾಖಲಾಗುವುದು ಒಂದು ಹೆಜ್ಜೆ ಮಾತ್ರ. ಆ ಹೆಸರನ್ನು ಬಳಸುವ ಬೆಳೆಗಾರರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವುದು ಎರಡನೆಯ ಹೆಜ್ಜೆ. ಸರಕು ನಿಜವಾಗಿ ಆ ಹೆಸರಿಗೆ ತಕ್ಕದ್ದೇ ಎಂದು ಯಾರಾದರೂ ಪರೀಕ್ಷಿಸುವುದು ಮೂರನೆಯದು. ನಮ್ಮಲ್ಲಿ ಮೊದಲ ಹೆಜ್ಜೆಯ ದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಉಳಿದ ಎರಡರ ಬಗ್ಗೆ ಊರಿನಲ್ಲಿ ಯಾರೂ ಮಾತಾಡುವುದಿಲ್ಲ.

ಫೆಟಾ ಎಂಬ ಗ್ರೀಕ್ ಗಿಣ್ಣಿನ (ಚೀಸ್) ಕತೆಯನ್ನು ನೋಡಿ. ಅದರಲ್ಲಿ ಕನಿಷ್ಠ ನೂರಕ್ಕೆ 70 ಪಾಲು ಕುರಿಯ ಹಾಲಿರಬೇಕು, ಮೇಕೆಯ ಹಾಲು 30ರ ಒಳಗಿರಬೇಕು, ಹಸುವಿನ ಹಾಲು ಸಲ್ಲದು, ಎರಡು ತಿಂಗಳಾದರೂ ಮಾಗಿರಬೇಕು. ಡೆನ್ಮಾರ್ಕಿನಂಥ ದೇಶಗಳು ಹಸುವಿನ ಹಾಲಿನಿಂದಲೇ ಗಿಣ್ಣು ಮಾಡಿ ಅದೇ ಹೆಸರಿನಲ್ಲಿ ಮಾರುತ್ತಿದ್ದವು. 1996ರಲ್ಲಿ ಗ್ರೀಸಿಗೆ ಹೆಸರಿನ ಹಕ್ಕು ಸಿಕ್ಕಿತು. 1999ರಲ್ಲಿ ಐರೋಪ್ಯ ನ್ಯಾಯಾಲಯ ಆ ನೋಂದಣಿಯನ್ನು ರದ್ದುಮಾಡಿತು. 2002ರಲ್ಲಿ ಮರಳಿ ನೋಂದಣಿಯಾಯಿತು, 2005ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿಗೂ ಮುಗಿಯಲಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನ ದೇಶಗಳಿಗೆ ಡೆನ್ಮಾರ್ಕ್ ಕಳುಹಿಸುತ್ತಿದ್ದ ಗಿಣ್ಣಿಗೂ ಆ ಹೆಸರು ಸಲ್ಲದೆಂಬ ತೀರ್ಪು ಬಂದದ್ದು 2022ರ ಜುಲೈನಲ್ಲಿ. ಇಪ್ಪತ್ತಾರು ವರ್ಷ ಬೆನ್ನು ಬಿಡದೆ ಹೋರಾಡುವುದಕ್ಕೆ ಹಿಂದೆ ಸರ್ಕಾರವಿತ್ತು, ಸಂಘಗಳಿದ್ದವು, ಮುಖ್ಯವಾಗಿ ಫೆಟಾ ಎಂದರೇನು ಎಂಬುದನ್ನು ಅಳೆದು ತೂಗಿ ಹೇಳಬಲ್ಲ ಬರಹದ ನಿಯಮವಿತ್ತು. ದೇಶದೊಳಗೆ ಅದನ್ನು ತಪಾಸಣೆ ಮಾಡಲು ಎಲ್ಗೊ ದಿಮಿತ್ರ ಎಂಬ ಸರ್ಕಾರಿ ಸಂಸ್ಥೆಯಿದೆ.

ಈಗ ಬೆಂಗಳೂರಿನ ಅಂಗಡಿಯೊಂದರಲ್ಲಿ ಅಪ್ಪೆಮಿಡಿ ಎಂದು ಬರೆದ ಉಪ್ಪಿನಕಾಯಿಯ ಭರಣಿಯನ್ನು ತೆರೆದು ನೋಡಿ. ಅದರೊಳಗೆ ಇರುವುದು ಅನಂತಭಟ್ಟನ ಅಪ್ಪೆಯೋ, ಜೀರಿಗೆ ಮಿಡಿಯೋ, ಯಾವುದೋ ಬಯಲುಸೀಮೆಯ ಕಾಡುಮಾವಿನ ಎಳೆಗಾಯಿಯೋ ಎಂದು ಯಾರು ಹೇಳಬೇಕು? ಸೊನೆಯ ಪರಿಮಳವನ್ನು ಮೂಗಿನಿಂದಲೇ ಗುರುತಿಸುವ ಅಜ್ಜಿಯರು ನಮ್ಮಲ್ಲಿದ್ದಾರೆ. ಮಿಡಿ ವರ್ಷಗಟ್ಟಲೆ ಕೆಡದೆ ಉಳಿಯುವುದು ಆ ಸೊನೆಯ ಗುಣದಿಂದ ಎಂಬುದು ಮನೆಮನೆಗೆ ಗೊತ್ತಿರುವ ಸಂಗತಿ. ಆ ಅರಿವು ಕಾಗದದ ಮೇಲೆ ದರ್ಜೆಯಾಗಿ ಇಳಿಯುವವರೆಗೆ ಹೊರದೇಶದ ಕೊಳ್ಳುಗನಿಗೆ ಅದರಿಂದ ಪ್ರಯೋಜನವಿಲ್ಲ. ದಾರಿ ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು: ಡಾರ್ಜಿಲಿಂಗ್ ಚಹಾ 2011ರಲ್ಲಿ, ಕಾಂಗ್ರಾ ಚಹಾ 2023ರಲ್ಲಿ ಐರೋಪ್ಯ ಒಕ್ಕೂಟದ ನೋಂದಣಿಯನ್ನೂ ಪಡೆದಿವೆ.

ಪ್ರಶ್ನೆ: ನಮ್ಮದು ಎರಡು ಕ್ವಿಂಟಾಲ್ ಕಾಳುಮೆಣಸು. ಸಾವಯವವಾಗಿ ಬೆಳೆದದ್ದು. ರಫ್ತು ಮಾಡಿಸಿಕೊಡುವುದಾಗಿ ಹೇಳಿದ ಮಧ್ಯವರ್ತಿಯೊಬ್ಬರು ಮಾದರಿ ತೆಗೆದುಕೊಂಡು ಹೋಗಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ತಿಳಿಸಿದರು. ವಿಷವನ್ನೇ ಹಾಕದ ಮೆಣಸು ಹೇಗೆ ತಿರಸ್ಕೃತವಾಗುತ್ತದೆ? ನಾವೇ ನೇರವಾಗಿ ಕಳುಹಿಸಬಹುದೇ?
(ಹೊಸನಗರ ತಾಲ್ಲೂಕು)

ಉತ್ತರ: ಮೊದಲಿಗೆ, ಆ ಪರೀಕ್ಷೆಯ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ವರದಿ ಕೊಡದವರ ಮಾತನ್ನು ನಂಬಬೇಕಾಗಿಲ್ಲ. ಆದರೆ ಸಾವಯವ ಮೆಣಸೂ ತಿರಸ್ಕೃತವಾಗಬಹುದು ಎಂಬುದು ನಿಜ, ಅದಕ್ಕೆ ಕಾರಣ ಬಹುಮಟ್ಟಿಗೆ ನಮ್ಮ ಅಂಗಳದಲ್ಲಿದೆ. ಸಗಣಿಯಿಂದ ಸಾರಿಸಿದ ನೆಲದ ಮೇಲೆ ಮೆಣಸು ಹರಡುವುದು ತಲೆಮಾರುಗಳಿಂದ ಬಂದ ರೂಢಿ. ಸಾಲ್ಮೊನೆಲ್ಲಾ ಎಂಬ ರೋಗಾಣು ಮೆಣಸಿಗೆ ಅಂಟುವ ದಾರಿಗಳಲ್ಲಿ ಅದೂ ಒಂದು, ಕೋಳಿ ನಾಯಿಗಳು ಓಡಾಡುವ ಅಂಗಳ ಇನ್ನೊಂದು. ಆ ರೋಗಾಣುವಿನ ಸುಳಿವು ಸಿಕ್ಕರೆ ಐರೋಪ್ಯ ಬಂದರಿನಲ್ಲಿ ಸರಕು ನಿಲ್ಲುತ್ತದೆ. ನಮ್ಮ ಮನೆಯಲ್ಲೂ ಸಗಣಿ ನೆಲದಲ್ಲೇ ಒಣಗಿಸುತ್ತಿದ್ದೆವು. ತಾಡಪಾಲಿಗೆ ಬದಲಾಗಲು ಹಿರಿಯರನ್ನು ಒಪ್ಪಿಸಲು ಎರಡು ವರ್ಷ ಬೇಕಾಯಿತು.

ಕೊಯ್ದ ಕಾಳನ್ನು ಬಿದಿರಿನ ಬುಟ್ಟಿಯಲ್ಲಿ ಅಥವಾ ರಂಧ್ರಗಳಿರುವ ಪಾತ್ರೆಯಲ್ಲಿ ಹಾಕಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಶುಚಿಯಾದ ತಾಡಪಾಲಿನ ಮೇಲೆ ಅಥವಾ ಸಿಮೆಂಟಿನ ಅಂಗಳದಲ್ಲಿ ಒಣಗಿಸಿದರೆ ಬಣ್ಣ ಸಮನಾಗಿ ಕಪ್ಪಾಗುತ್ತದೆ, ಬೇಗ ಒಣಗುತ್ತದೆ, ಹೊರಮೈಯ ಸೂಕ್ಷ್ಮಜೀವಿಗಳೂ ಬಹಳಮಟ್ಟಿಗೆ ಕಡಿಮೆಯಾಗುತ್ತವೆ. ತೇವಾಂಶ ನೂರಕ್ಕೆ 12ನ್ನು ಮೀರಬಾರದು, ಮೀರಿದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಒಂದು ಲೀಟರ್ ಅಳತೆಯ ಪಾತ್ರೆಯಲ್ಲಿ ಹಿಡಿಯುವ ಮೆಣಸು 550 ಗ್ರಾಂ ತೂಗಿದರೆ ಒಳ್ಳೆಯ ದರ್ಜೆ. ಕರಿಮುಂಡ, ಪಣಿಯೂರು, ಮಲ್ಲಿಗೆಸರ ಎಂಬ ಬೇರೆ ಬೇರೆ ತಳಿಗಳನ್ನು ಒಂದೇ ಚೀಲಕ್ಕೆ ಸುರಿದರೆ ಈ ತೂಕ ಏರುಪೇರಾಗುತ್ತದೆ. ಕೀಟನಾಶಕದ ಶೇಷದ ವಿಚಾರದಲ್ಲಿ, ಪ್ರತ್ಯೇಕ ಮಿತಿ ಗೊತ್ತುಮಾಡದ ರಾಸಾಯನಿಕಕ್ಕೆ ಐರೋಪ್ಯ ಒಕ್ಕೂಟ ಇಟ್ಟಿರುವ ಮಿತಿ ಕಿಲೋಗೆ 0.01 ಮಿಲಿಗ್ರಾಂ, ಅಂದರೆ ಹತ್ತು ಕೋಟಿ ಪಾಲಿನಲ್ಲಿ ಒಂದು ಪಾಲು. ನೀವು ಸಿಂಪಡಿಸದಿದ್ದರೂ ಪಕ್ಕದ ತೋಟದ ಗಾಳಿಯಿಂದಲೋ, ಹಿಂದೆ ಬೇರೆ ಸರಕು ತುಂಬಿದ್ದ ಗೋಣಿಯಿಂದಲೋ ಅಷ್ಟು ಬಂದು ಸೇರಬಹುದು. ರೋಗಾಣು ಕೊಲ್ಲಲು ಎಥಿಲೀನ್ ಆಕ್ಸೈಡ್ ಅನಿಲ ಹಾಯಿಸುವ ಪದ್ಧತಿಯನ್ನು ಅಲ್ಲಿ ನಿಷೇಧಿಸಿದ್ದಾರೆ. 2020ರಲ್ಲಿ ಭಾರತದ ಎಳ್ಳು ಇದೇ ಕಾರಣಕ್ಕೆ ಸಿಕ್ಕಿಬಿದ್ದು ಬಹಳ ಸರಕು ವಾಪಸಾಯಿತು. ಆವಿಯಿಂದ ಶುದ್ಧೀಕರಿಸುವ ಘಟಕವೇ ಸರಿಯಾದ ದಾರಿ, ಅದು ಒಬ್ಬ ರೈತನ ಕೈಗೆ ಎಟಕುವುದಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ವಿದೇಶಿ ವ್ಯಾಪಾರ ನಿರ್ದೇಶನಾಲಯದಿಂದ ಆಮದು ರಫ್ತು ಸಂಕೇತ ಸಂಖ್ಯೆ, ಸಂಬಾರ ಮಂಡಳಿಯ ರಫ್ತುದಾರ ನೋಂದಣಿ, ಆಹಾರ ಸುರಕ್ಷತಾ ಪರವಾನಗಿ, ಇವನ್ನೆಲ್ಲ ನೀವು ಪಡೆಯಬಹುದು. ಆದರೆ ಎರಡು ಕ್ವಿಂಟಾಲಿಗಾಗಿ ಅಷ್ಟೆಲ್ಲ ಓಡಾಡಿದರೆ ಗೆಯ್ಮೆಯೂ ಗಿಟ್ಟುವುದಿಲ್ಲ. ಉತ್ತರ ಗ್ರೀಸಿನ ಕೊಜಾನಿ ಪ್ರದೇಶದ ಕೇಸರಿ ಬೆಳೆಗಾರರು ಇದನ್ನು ಬಹಳ ಹಿಂದೆಯೇ ಮನಗಂಡರು. ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂವುಗಳ ನಡುವಿನ ಕೆಂಪು ಎಳೆಗಳನ್ನು ಕೈಯಿಂದ ಬಿಡಿಸಬೇಕು. ಒಂದು ಮನೆಯ ಇಡೀ ವರ್ಷದ ಫಸಲು ಒಂದು ಡಬ್ಬಿಯಲ್ಲಿ ಅಡಗುತ್ತದೆ. 1971ರಲ್ಲಿ ಅವರು ಸಹಕಾರ ಸಂಘ ಕಟ್ಟಿಕೊಂಡರು. ಬೆಳೆಯುವುದು, ಬಿಡಿಸುವುದು, ಒಣಗಿಸುವುದು ಮನೆಯಲ್ಲಿ. ಪರೀಕ್ಷಿಸುವುದು, ಪೊಟ್ಟಣ ಕಟ್ಟುವುದು, ಪರದೇಶದವರೊಡನೆ ವ್ಯವಹರಿಸುವುದು ಸಂಘದಲ್ಲಿ. 1999ರಲ್ಲಿ ಆ ಕೇಸರಿಗೂ ಮೂಲಸ್ಥಾನ ಮಾನ್ಯತೆ ದೊರೆಯಿತು. ನೀವು ಸಾವಯವ ಎಂದು ಹೇಳಿಕೊಳ್ಳುವುದಾದರೂ ಈ ಮಾತು ಅನ್ವಯಿಸುತ್ತದೆ. ಐರೋಪ್ಯ ಒಕ್ಕೂಟದ ಹೊಸ ಸಾವಯವ ನಿಯಮ ಸಣ್ಣ ರೈತರ ಗುಂಪು ಪ್ರಮಾಣಪತ್ರಕ್ಕೆ ಅವಕಾಶ ಕೊಡುತ್ತದೆ, ಆದರೆ ಆ ಗುಂಪು ಕಾನೂನುಬದ್ಧ ಸಂಸ್ಥೆಯಾಗಿರಬೇಕು, ಸದಸ್ಯರು 2,000ಕ್ಕಿಂತ ಹೆಚ್ಚಿರಬಾರದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ನೆಲ ನಮ್ಮದು. ಮೆಣಸನ್ನು ಒಂದು ಕಡೆ ಕೂಡಿಸಿ ಪರದೇಶಕ್ಕೆ ಕಳುಹಿಸುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ.

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ್ದೇನೆ. ಸುತ್ತಲಿನವರೆಲ್ಲ ಗದ್ದೆಯನ್ನು ಏರಿ ಮಾಡಿ ಅಡಿಕೆ ಸಸಿ ಇಡುತ್ತಿದ್ದಾರೆ. ನಾನೊಬ್ಬನೇ ಗದ್ದೆ ಉಳಿಸಿಕೊಂಡರೆ ದಡ್ಡನೆನ್ನುತ್ತಾರೆ. ಗ್ರೀಸಿನಲ್ಲಿ ಹೀಗೆ ಒಂದೇ ಬೆಳೆಯ ಹಿಂದೆ ಬಿದ್ದ ಉದಾಹರಣೆ ಇದೆಯೇ?
(ಕೊಪ್ಪ)

ಉತ್ತರ: ಇದೆ, ಮತ್ತು ಅದು ಒಂದು ದೇಶವನ್ನೇ ಅಲುಗಾಡಿಸಿದ ಉದಾಹರಣೆ. ಪೆಲೊಪೊನ್ನೀಸ್ ಪರ್ಯಾಯದ್ವೀಪದ ಉತ್ತರ ಮತ್ತು ಪಶ್ಚಿಮ ಕರಾವಳಿಯಲ್ಲಿ ಕೊರಿಂಥ್ ಎಂಬ ಊರಿನ ಹೆಸರು ಹೊತ್ತ ಸಣ್ಣ ಕಪ್ಪು ಒಣದ್ರಾಕ್ಷಿ ಬೆಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿತೋಟಗಳ ಬೇರನ್ನೇ ತಿಂದುಹಾಕಿತು. ವೈನ್ ತಯಾರಿಸಲು ಹಣ್ಣಿಲ್ಲದೆ ಫ್ರೆಂಚರು ಗ್ರೀಸಿನ ಒಣದ್ರಾಕ್ಷಿಯನ್ನು ಕೊಳ್ಳತೊಡಗಿದರು. ಬೆಲೆ ಏರಿತು. ಪೆಲೊಪೊನ್ನೀಸಿನ ರೈತರು ಆಲಿವ್ ಮರಗಳನ್ನು ಕಡಿದು, ಧಾನ್ಯದ ಹೊಲಗಳನ್ನು ಬಿಟ್ಟು, ಸಾಲ ಎತ್ತಿ ದ್ರಾಕ್ಷಿ ನೆಟ್ಟರು. ಕೆಲವು ವರ್ಷಗಳಲ್ಲಿ ದೇಶದ ಒಟ್ಟು ರಫ್ತಿನ ಅರ್ಧದಷ್ಟು ಮೌಲ್ಯ ಈ ಒಂದು ಬೆಳೆಯದೇ ಆಗಿತ್ತು. ಅಷ್ಟರಲ್ಲಿ ಫ್ರೆಂಚರು ಅಮೆರಿಕದ ಬೇರುಸಸಿಗೆ ತಮ್ಮ ದ್ರಾಕ್ಷಿಯನ್ನು ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿಕೊಂಡರು. 1892ರಲ್ಲಿ ಆಮದಿನ ಮೇಲೆ ಭಾರಿ ಸುಂಕ ಹೇರಿದರು. 1893ರಲ್ಲಿ ಬೆಲೆ ಕುಸಿದುಬಿತ್ತು. ಬೇರೆ ಸಾಲಗಳ ಭಾರವೂ ಸೇರಿ, ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಧಾನಿ ಹರಿಲಾವೊಸ್ ತ್ರಿಕೂಪಿಸ್ ದೇಶ ದಿವಾಳಿಯಾಗಿದೆಯೆಂದು ಘೋಷಿಸಬೇಕಾಯಿತು. 1895ರಿಂದ ಸರ್ಕಾರವೇ ಫಸಲಿನ ಒಂದು ಭಾಗವನ್ನು ತಡೆಹಿಡಿದು ಮಾರುಕಟ್ಟೆಗೆ ಬರದಂತೆ ಮಾಡಿತು. ಅದರಿಂದಲೂ ಸಾಲ ತೀರದ ಸಾವಿರಾರು ಕುಟುಂಬಗಳ ಹುಡುಗರು ಹಡಗು ಹತ್ತಿ ಅಮೆರಿಕಕ್ಕೆ ಹೋದರು.

ಇದನ್ನು ಓದುವಾಗ ಚನ್ನಗಿರಿಯಿಂದ ಹೊಳಲ್ಕೆರೆಯವರೆಗೆ ಬಯಲಿನಲ್ಲಿ ಹಬ್ಬಿರುವ ಅಡಿಕೆ ತೋಟಗಳೂ, ಬತ್ತಿದ ಕೊಳವೆಬಾವಿಗಳೂ ನನ್ನ ಕಣ್ಣಿಗೆ ಕಟ್ಟುತ್ತವೆ. ಆಗ ಗ್ರೀಸಿನ ಬೇಡಿಕೆ ಬಹುಪಾಲು ಒಂದು ದೇಶದ ಕಷ್ಟದ ಮೇಲೆ ನಿಂತಿತ್ತು. ನಮ್ಮ ರಾಶಿ ಅಡಿಕೆಯ ಬೇಡಿಕೆ ಬಹುಪಾಲು ಪಾನ್ ಮಸಾಲೆಯ ಒಂದು ಉದ್ಯಮದ ಮೇಲೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಧೀನದಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆ ಜಗಿಯುವುದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನನ್ನ ಮನೆಯ ಅನ್ನವೂ ಅಡಿಕೆಯದೇ. ಆದರೂ ಹೊರದೇಶಕ್ಕೆ ಕಳುಹಿಸುವ ಬೆಳೆಯೆಂದು ಅದನ್ನು ನಿಮಗೆ ಸೂಚಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಇರುವ ಅಡಿಕೆ ಮರಕ್ಕೆ ಮೆಣಸು ಹಬ್ಬಿಸಿ, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡರೆ ನೀವು ದಡ್ಡರಾಗುವುದಿಲ್ಲ. ಬೇಡಿಕೆ ಬಂತೆಂದು ಕಾಡಿನ ಬೆಳೆಗೆ ಮುಗಿಬೀಳುವುದೂ ಇದೇ ಬಗೆಯ ತಪ್ಪು. ತೂಕ ಇಳಿಸುವ ಮಾತ್ರೆಗಳಿಗೆಂದು ಉಪ್ಪಾಗೆಗೆ ಬೆಲೆ ಬಂದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಕೊಂಬೆಗಳನ್ನೇ ಕಡಿದು ಕಾಯಿ ಇಳಿಸಿದ್ದನ್ನು ಹಿರಿಯರು ಮರೆತಿಲ್ಲ.

ಅಂದಹಾಗೆ ಆ ಒಣದ್ರಾಕ್ಷಿ ನಾಶವಾಗಲಿಲ್ಲ. ಏಗಿಯೊ ಪಟ್ಟಣದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಉತ್ತಮ ದರ್ಜೆಯದು ವೊಸ್ತಿತ್ಸಾ ಎಂಬ ಹಳೆಯ ಊರ ಹೆಸರಿನಲ್ಲಿ ಮೂಲಸ್ಥಾನ ಮಾನ್ಯತೆ ಪಡೆದು ಇಂದಿಗೂ ಹೊರದೇಶಗಳಿಗೆ ಹೋಗುತ್ತದೆ.

ಪ್ರಶ್ನೆ: ಸಹಕಾರ ಸಂಘ ಎಂದೊಡನೆ ರಾಜಕೀಯ ಬರುತ್ತದೆ. ಗ್ರೀಸಿನಲ್ಲಿ ಹಾಗಾಗಲಿಲ್ಲವೇ?
(ಶಿವಮೊಗ್ಗ)

ಉತ್ತರ: ಆಯಿತು. 1980ರ ದಶಕದಲ್ಲಿ ಅಲ್ಲಿಯ ಅನೇಕ ಸಂಘಗಳು ಪಕ್ಷಗಳ ಕೈಗೊಂಬೆಗಳಾಗಿ, ತೀರಿಸಲಾಗದ ಸಾಲ ಮಾಡಿ ಮುಳುಗಿದವು. ಗ್ರೀಸಿನ ಒಳ್ಳೆಯ ಆಲಿವ್ ಎಣ್ಣೆಯ ದೊಡ್ಡ ಪಾಲು ಇಂದಿಗೂ ಟ್ಯಾಂಕರುಗಳಲ್ಲಿ ಇಟಲಿಗೆ ಹೋಗಿ ಅಲ್ಲಿಯ ಹೆಸರಿನ ಬಾಟಲಿ ಸೇರುವುದಕ್ಕೆ ಬೆಳೆಗಾರರ ಸಂಘಟನೆ ಸೊರಗಿರುವುದೂ ಒಂದು ಕಾರಣ. ಉಳಿದು ಬೆಳೆದವು ಒಂದೇ ಬೆಳೆಯ, ಹತ್ತಿರ ಹತ್ತಿರದ ಊರುಗಳ, ದರ್ಜೆಯ ವಿಚಾರದಲ್ಲಿ ಅಧ್ಯಕ್ಷನ ನೆಂಟನಿಗೂ ರಿಯಾಯಿತಿ ತೋರದ ಸಂಘಗಳು. 1939ರಿಂದ ನಡೆದುಬಂದಿರುವ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್ ನಿಮ್ಮ ಊರಿನಲ್ಲೇ ಇದೆ. ಬೆಳೆಗಾರ ತಂದ ಮಾಲನ್ನು ದರ್ಜೆ ಮಾಡಿ ಮಾರುವುದು ನಮಗೆ ಬಾರದ ಕೆಲಸ ಎನ್ನಲಾಗದು. ಹೊಸದಾಗಿ ಕಟ್ಟುವವರಿಗೆ ರೈತ ಉತ್ಪಾದಕ ಕಂಪನಿಯ ದಾರಿಯೂ ಇದೆ.

ಪ್ರಶ್ನೆ: ಮಿಡಿ ಉಪ್ಪಿನಕಾಯಿಯನ್ನು ಹೊರದೇಶದಲ್ಲಿ ಯಾರು ತಿನ್ನುತ್ತಾರೆ?
(ರಿಪ್ಪನ್‌ಪೇಟೆ)

ಉತ್ತರ: ಮೊದಲು ನಮ್ಮವರೇ ತಿನ್ನುತ್ತಾರೆ. ಗ್ರೀಕರ ಗಿಣ್ಣೂ ಆಲಿವ್ ಕಾಯಿಯೂ ನ್ಯೂಯಾರ್ಕ್, ಮೆಲ್ಬರ್ನ್ ನಗರಗಳಲ್ಲಿ ನೆಲೆಸಿದ ಗ್ರೀಕರ ಅಂಗಡಿಗಳಲ್ಲಿ ಮೊದಲು ಕಾಣಿಸಿಕೊಂಡವು, ಅಲ್ಲಿಂದ ನೆರೆಹೊರೆಯವರ ಊಟದ ಮೇಜಿಗೆ ನಡೆದವು. ಮಲೆನಾಡಿನಿಂದ ಹೋಗಿ ನೆಲೆಸಿದ ಮನೆಗಳು ಇಂದು ಯಾವ ಖಂಡದಲ್ಲಿಲ್ಲ? ಊರಿಂದ ಹೊರಟವರ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿಟ್ಟ ಮಿಡಿಯ ಡಬ್ಬಿ ಇದ್ದೇ ಇರುತ್ತದೆ. ಆ ಡಬ್ಬಿಯ ಮೇಲೆ ಮರದ ಜಾತಿ, ಊರು, ಉಪ್ಪಿಗೆ ಹಾಕಿದ ತಿಂಗಳು, ಉಪ್ಪಿನ ಪ್ರಮಾಣ ಇವಿಷ್ಟನ್ನು ಬರೆಯುವ ಅಭ್ಯಾಸವನ್ನು ಈ ಸುಗ್ಗಿಯಿಂದಲೇ ಮಾಡಿಕೊಳ್ಳಬಹುದು. ಮಾಘ, ಫಾಲ್ಗುಣದಲ್ಲಿ ಮಿಡಿ ಇಳಿಸುವಾಗ ಕೊಂಬೆ ಕಡಿಯದೆ, ಬಲೆ ಕಟ್ಟಿ ಅಥವಾ ಬುಟ್ಟಿ ಇಳಿಬಿಟ್ಟು ಕೊಯ್ಯಿರಿ. ಹಳ್ಳದ ಯಾವ ಮರದ ಮಿಡಿ ಎಷ್ಟು ವರ್ಷ ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಕಸಿ ಕಟ್ಟಲು ಯಾವ ಮರದ ಕಡ್ಡಿ ತರಬೇಕೆಂದು ಮುಂದೆ ನಿಮ್ಮ ಸಂಘ ಕೇಳಿದಾಗ ಆ ಪುಸ್ತಕ ಬೇಕಾಗುತ್ತದೆ.